ಹಿಂದಿಯಲ್ಲಿ ‘ತಮಾಷಾ’ ಮಾಡಿ ಸಿಕ್ಕಿಹಾಕಿಕೊಂಡೆ. ನಮ್ಮ ತಮಾಷೆ ಬೇರೆ, ಅವರ ತಮಾಷೆ ಬೇರೆನಾ?

ಮಲ್ಲಿಗೆಮೊಗ್ಗು
ಎಲ್ಲರಿಗೂ ನಮಸ್ಕಾರ. ಮೊನ್ನೆ ಆಫೀಸಲ್ಲಿ ಒಂದು ಎಡವಟ್ಟಾಯ್ತು. ನಮ್ಮ ಟೀಮಿಗೆ ಹೊಸದಾಗಿ ಬಂದಿರೋ ಮ್ಯಾನೇಜರ್ ಲಖನೌ ಕಡೆಯವರು. ಊಟದ ಹೊತ್ತಲ್ಲಿ ಅವರ ಡಬ್ಬಿ ನೋಡಿ, "ದಿನಾ ಆಲೂನೇ ತರ್ತೀರಲ್ಲ ಸರ್, ಊರಲ್ಲಿ ಆಲೂಗಡ್ಡೆ ಹೊಲ ಇದೆಯಾ?" ಅಂತ ನನ್ನ ಹರಕು ಹಿಂದೀಲಿ ಕೇಳಿದೆ. ಅವರ ಮುಖ ಸಪ್ಪಗಾಯ್ತು. ಗಾಬರಿಯಾಗಿ "ಅಯ್ಯೋ ಸರ್, ಮೈ ತೋ ತಮಾಷಾ ಕರ್ ರಹೀ ಥೀ" ಅಂದೆ. ಸಪ್ಪಗಿದ್ದ ಮುಖ ಕೆಂಪಗಾಯ್ತು! ಡಬ್ಬಿ ಮುಚ್ಚಿಕೊಂಡು ಎದ್ದೇ ಹೋದರು.

ಆಮೇಲೆ ಗೆಳತಿ ಬಿಡಿಸಿ ಹೇಳಿದಳು. ಹಿಂದೀಲಿ ತಮಾಷಾ ಮಾಡೋದು ಅಂದ್ರೆ ನಾಲ್ಕು ಜನರ ಮುಂದೆ ರಂಪ ಮಾಡೋದಂತೆ. ಅಂದ್ರೆ ನಾನು "ತಪ್ಪು ತಿಳೀಬೇಡಿ ಸರ್, ನಿಮ್ಮ ಮುಂದೆ ಬೀದಿರಂಪ ಮಾಡ್ತಾ ಇದ್ದೆ ಅಷ್ಟೆ" ಅಂತ ಸಮಾಧಾನ ಹೇಳಿದ ಹಾಗಾಯ್ತು.

ಹುಟ್ಟಿದಾಗಿಂದ ತಮಾಷೆ ಅಂದ್ರೆ ಜೋಕು ಅಂತಲೇ ತಿಳಿದವಳು ನಾನು. ಇದು ಕನ್ನಡದ್ದೇ ಪದಾನಾ? ನಾವು ತಪ್ಪಾಗಿ ಬಳಸ್ತಿದ್ದೀವಾ ಅಥವಾ ಅವರಾ? ಗೊತ್ತಿರೋರು ಹೇಳಿ.

ಗುಂಡಣ್ಣ ಕೆ.ಆರ್.ಪೇಟೆ
ಪದ ಆಮೇಲೆ ನೋಡಾನ. ಕೆಲ್ಸ ಅದಾ, ಹೋಯ್ತಾ ತಾಯಿ?

ಮಲ್ಲಿಗೆಮೊಗ್ಗು
ಸದ್ಯಕ್ಕಿದೆ ಅಣ್ಣ. ಅಪ್ರೈಸಲ್ ಮುಂದಿನ ತಿಂಗಳು.

ಹಳೇ ಮೇಷ್ಟ್ರು
ಕನ್ನಡದ್ದಲ್ಲಮ್ಮ, ಹಿಂದಿಯದ್ದೂ ಅಲ್ಲ. ಮೂಲ ಅರಬ್ಬಿ. ಅಲ್ಲಿ ‘ನಡೆ’ ಅನ್ನೋ ಅರ್ಥದ ಧಾತುವಿನಿಂದ ಹುಟ್ಟಿದ್ದು. ಪಾರಸಿಗೆ ಬಂದಾಗ ಹಾಯಾಗಿ ಅಡ್ಡಾಡೋದು, ಅಡ್ಡಾಡ್ತಾ ನಾಲ್ಕು ಕಡೆ ನೋಡೋದು ಅಂತಾಯ್ತು. ನೋಡೋದು ಅಂದಮೇಲೆ ನೋಡೋಕೆ ಏನಾದ್ರೂ ಇರಬೇಕಲ್ಲ, ಹಾಗಾಗಿ ನೋಟಕ್ಕೇ ಆ ಹೆಸರು ಬಂತು. ಜಾತ್ರೆ, ಮೆರವಣಿಗೆ, ಆಟ, ಎಲ್ಲವೂ ತಮಾಷಾ. ಹಿಂದಿ-ಉರ್ದು ಅಲ್ಲೇ ನಿಂತವು. ಮಹಾರಾಷ್ಟ್ರದಲ್ಲಿ ಒಂದು ಜನಪದ ರಂಗಪ್ರಕಾರಕ್ಕೇ ಆ ಹೆಸರಾಯ್ತು, ಲಾವಣಿ ಇರೋ ತಮಾಶಾ. ನಾವು ಮಾತ್ರ ಆಟ ಬಿಟ್ಟು ಅದರಿಂದ ಬಂದ ನಗು ಇಟ್ಕೊಂಡ್ವಿ.

ಕೊನೇಲಿ ‘ಎ’ ಯಾಕೆ ಅಂತ ಯಾರಾದ್ರೂ ಕೇಳೋ ಮೊದಲೇ ಹೇಳಿಬಿಡ್ತೀನಿ. ಆಕಾರದಲ್ಲಿ ಮುಗಿಯೋ ಪದ ಕನ್ನಡಕ್ಕೆ ಬಂದ್ರೆ ನಾವು ಎಕಾರ ಅಂಟಿಸ್ತೀವಿ. ಖಜಾನಾ ಖಜಾನೆ ಆಯ್ತು, ಕಾರ್ಖಾನಾ ಕಾರ್ಖಾನೆ, ಸಜಾ ಸಜೆ, ದರ್ಜಾ ದರ್ಜೆ. ಸಂಸ್ಕೃತದ ಗಂಗಾ, ಸೀತಾ ಕೂಡ ಗಂಗೆ, ಸೀತೆ ಆಗಿಲ್ವೇ? ಅದೇ ಬಾಗಿಲಲ್ಲಿ ತಮಾಷೆಯೂ ಒಳಗೆ ಬಂತು.

ಚಿತ್ರಾನ್ನ
ಯಾರೂ ಕೇಳಲ್ಲ ಅಂತ ಗೊತ್ತಿದ್ದೇ ಮೊದಲೇ ಹೇಳಿಬಿಟ್ರಿ ಅಲ್ವಾ ಸಾರ್?

ಹಳೇ ಮೇಷ್ಟ್ರು
ಮೂವತ್ತು ವರ್ಷದ ಅಭ್ಯಾಸ ಕಣಪ್ಪ.

ನುಡಿಬೆಸುಗೆ
ಅದಕ್ಕೇ ನಾನು ಮೊದಲಿನಿಂದಲೂ ಹೇಳ್ತಿರೋದು. ಎರವಲು ಪದ ಬಳಸಿದ್ರೆ ಹೀಗೇ ಎಡವಟ್ಟು. ಕನ್ನಡದಲ್ಲಿ ‘ನಗೆಯಾಟ’ ಅಂತ ಸೊಗಸಾದ ಪದ ಮಾಡಬಹುದು. ನಗೆ ನಮ್ಮದು, ಆಟ ನಮ್ಮದು.

ಚಿತ್ರಾನ್ನ
"ಏನಣ್ಣ, ಚಿಲ್ಲರೆ ಕೊಡದೆ ನಗೆಯಾಟ ಆಡ್ತೀಯಾ?" ಅಂತ ನಾಳೆ ಕಂಡಕ್ಟರಿಗೆ ಹೇಳಿ ನೋಡಿ. ಮುಂದಿನ ಸ್ಟಾಪಲ್ಲಿ ಇಳಿಸ್ತಾರೆ.

ನುಡಿಬೆಸುಗೆ
ಹೊಸದು ಅಂದ್ರೆ ಮೊದಲು ನಗೋದೇ ನಮ್ಮವರ ಕೆಲಸ. ನಕ್ಕೊಂಡಿರಿ. ಖುಷಿ ಪಾರಸಿ, ಮಜಾ ಪಾರಸಿ, ಮೋಜು ಅರಬ್ಬಿ, ಗಮ್ಮತ್ತು ಮರಾಠಿ, ಜೋಕು ಇಂಗ್ಲಿಷು. ಇವರೆಲ್ಲ ಬರೋ ಮೊದಲು ಕನ್ನಡಿಗ ಮುಖ ಗಂಟು ಹಾಕ್ಕೊಂಡು ಕೂತಿದ್ನಾ?

ಹಳೇ ಮೇಷ್ಟ್ರು
ಅದು ಒಳ್ಳೇ ಪ್ರಶ್ನೆ. ಕೂತಿರಲಿಲ್ಲ. ಹನ್ನೆರಡನೇ ಶತಮಾನದಲ್ಲಿ ನಗೆಯ ಮಾರಿತಂದೆ ಅಂತ ಒಬ್ಬ ಶರಣ ಇದ್ದರು. ಜನರನ್ನ ನಗಿಸೋದೇ ಅವರ ಕಾಯಕ. ‘ಆತುರವೈರಿ ಮಾರೇಶ್ವರ’ ಅನ್ನೋ ಅಂಕಿತದಲ್ಲಿ ವಚನ ಬರೆದಿದ್ದಾರೆ. ಬಟ್ಟೆ ನೇಯೋದು, ದೋಣಿ ನಡೆಸೋದು ಎಷ್ಟು ಕಾಯಕವೋ ನಗಿಸೋದೂ ಅಷ್ಟೇ ಅಂತ ಒಪ್ಪಿಕೊಂಡ ಕಾಲ ಅದು. ಆದ್ರೆ ಹೊರಗಿನ ಪದ ಬಂತು ಅಂದ ಮಾತ್ರಕ್ಕೆ ನಮ್ಮ ನಗು ಹೋಯ್ತು ಅಂತಲ್ಲ. ನಗೆ, ನಗೆಚಾಟಿಕೆ, ಚೆಲ್ಲಾಟ, ನಗೆಪಾಟಲು ಎಲ್ಲ ಇದ್ದೇ ಇವೆ. ತಮಾಷೆ ಪಕ್ಕದಲ್ಲಿ ಬಂದು ಕೂತಿದೆ, ಅಷ್ಟೆ.

ಧಾರವಾಡ ಫೇಡಾ
ನಮಸ್ಕಾರ್ರಿ. ನಮ್ಮ ಕಡೆ ಮಂದಿ ತಮಾಷೆ ಅನ್ನೂದು ಕಡಿಮಿ. ಚಾಷ್ಟಿ ಅಂತೀವಿ. "ಏನಲೇ, ಮುಂಜಾನೆ ಎದ್ದಕೂಡ್ಲೆ ಚಾಷ್ಟಿ ಹಚ್ಚೀಯೇನು?" ಬೆಳಗಾವಿ ಕಡೆ ಹೋದ್ರ ಮಷ್ಕಿರಿ. ತಮಾಶಾ ಅಂದ್ರ ನಮ್ಮ ಅಜ್ಜಗ ಮರಾಠಿ ಆಟಾನ ನೆನಪಿಗೆ ಬರ್ತಿತ್ತು. ಅದರಾಗ ಸೋಂಗಾಡ್ಯಾ ಅಂತ ಒಬ್ಬಾಂವ ಇರ್ತಾನ, ನಗಸಾಂವ. ರಾಜಾ ಬಂದ್ರೂ ಬಿಡಂಗಿಲ್ಲ, ಮುಂದ ಕುಂತ ಗೌಡ್ರನ್ನೂ ಬಿಡಂಗಿಲ್ಲ. ನನಗನಸ್ತದ, ಆಟ ನೋಡಿ ಮನಿಗೆ ಬಂದ ಮಂದಿ ನೆನಪಿಟ್ಟಿದ್ದು ಅವನ ಮಾತಷ್ಟ. ಹಂಗಾಗಿ ಆಟದ ಹೆಸರು ಮಾತಿಗೆ ಹತ್ತಿರಬೇಕು.

ಹಳೇ ಮೇಷ್ಟ್ರು
ಊಹೆ ಚೆನ್ನಾಗಿದೆ. ಆದ್ರೆ ತಮಿಳು, ಮಲಯಾಳದಲ್ಲೂ ಇದು ಜೋಕೇ. ಅಲ್ಲಿಗೆಲ್ಲ ಸೋಂಗಾಡ್ಯಾ ಹೋಗಿರಲಿಲ್ಲವಲ್ಲ.

ಧಾರವಾಡ ಫೇಡಾ
ಹೋಗಿದ್ದಿಲ್ಲಂತ ನೀವು ನೋಡೀರೇನ್ರಿ? ಚಾಷ್ಟಿ ಮಾಡಿದ್ನಿ, ಸಿಟ್ಟಾಗಬ್ಯಾಡ್ರಿ ಸರ.

ಕಾಸರಗೋಡಿನವ
ಮೇಷ್ಟ್ರು ಹೇಳಿದ್ದು ಸರಿ. ನಮ್ಮೂರಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಗದ್ದೆಯಲ್ಲಿ ತುಳು. ಮೂರರಲ್ಲೂ ತಮಾಷೆ ಅಂದ್ರೆ ನಗೆಯ ಮಾತೇ. ಮಲಯಾಳದಲ್ಲಿ ತಮಾಶ ‘ಮಾಡುವುದ’ಕ್ಕಿಂತ ‘ಹೇಳುವುದು’ ಜಾಸ್ತಿ, ಅಷ್ಟೇ ವ್ಯತ್ಯಾಸ. ತೆಲುಗಿನ ತಮಾಷಾ, ತಮಿಳಿನ ತಮಾಷ್ ಕೂಡ ಹಾಗೇ. ದಕ್ಷಿಣದವರೆಲ್ಲ ಸೇರಿ ಆ ಪದವನ್ನು ನಗಿಸಿಬಿಟ್ಟಿದ್ದೇವೆ. ಮಲ್ಲಿಗೆಮೊಗ್ಗು ಅವರೇ, ನಿಮ್ಮ ಮ್ಯಾನೇಜರನ್ನು ನಾಲ್ಕು ರಾಜ್ಯ ಸುತ್ತಿಸಿದರೆ ಸರಿಹೋಗುತ್ತಾರೆ.

ಕುಂದಾಪ್ರದ ಹುಡ್ಗ
ಎಂತ ಮಾರಾಯ್ರೆ, ನಮ್ಮ್ ಬದಿಯವ್ರನ್ನ ಬಿಟ್ಟೇ ಬಿಟ್ರಿಯಲೆ. ನಮ್ಮಲ್ಲಿ ಕುಶಾಲ್ ಅಂಬ್ರ್. "ಕುಶಾಲ್ ಮಾಡ್ಬೇಡ ಮಾರಾಯಾ" ಅಂದ್ರೆ ಮುಗೀತ್. ಕುಶಲ ಅಂಬು ಪದದಿಂದ್ಲೇ ಬಂದದ್ದ್ ಅದ್.

ಕಾಸರಗೋಡಿನವ
ಕುಶಲ ಅಲ್ಲ ಮಾರಾಯ, ಖುಷ್‌ಹಾಲ್. ಖುಷಿಯಾಗಿರುವುದು. ತುಳುವಿನಲ್ಲೂ ಕುಸಾಲ್ ಅಂತಾರೆ.

ಕುಂದಾಪ್ರದ ಹುಡ್ಗ
ಎಲ್ಲದಕ್ಕೂ ಪಾರಸಿ ಅಂದ್ರೆ ಹ್ಯಾಂಗೆ? "ಕ್ಷೇಮ ಕುಶಲ" ಅಂಬುದೂ ಪಾರಸಿಯಾ?

ಮಡಿಕೇರಿ ಮಂಜು
ಹಾಗಾದ್ರೆ ನಮ್ಮ ಕುಶಾಲನಗರ ಅಂದ್ರೆ ತಮಾಷೆ ನಗರಾನಾ? ಹೈದರಾಲಿ ಅಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತಂತೆ. ಖುಷಿಯಾಗಿ ಆ ಹೆಸರಿಟ್ಟನಂತೆ. ಚಿಕ್ಕಂದಿನಿಂದ ಕೇಳಿದ ಕಥೆ.

ಹಳೇ ಮೇಷ್ಟ್ರು
ಕಥೆ ಚೆಂದ, ಲೆಕ್ಕ ಕೂಡಲ್ಲ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಆಸುಪಾಸು. ಹೈದರ್ ಕೊಡಗಿನ ತಂಟೆಗೆ ಹೋಗಿದ್ದು 1760ರ ದಶಕದಲ್ಲಿ. ಮಗ ಹುಟ್ಟಿದ ಸುದ್ದಿ ತಲುಪೋಕೆ ಹತ್ತು ವರ್ಷ ಬೇಕಾಯ್ತೇ? ಬ್ರಿಟಿಷರು ಮಧ್ಯೆ ಕರ್ನಲ್ ಫ್ರೇಜರ್ ಹೆಸರಲ್ಲಿ ಫ್ರೇಜರ್‌ಪೇಟೆ ಅಂತ ಮಾಡಿದ್ರು. ಅದಂತೂ ಖರೆ.

ಚಿತ್ರಾನ್ನ
ಆಗಿನ ಅಂಚೆ ಸಾರ್, ಹತ್ತು ವರ್ಷ ಹಿಡಿದಿರಬಹುದು.

ನಿರ್ವಾಹಕ
ಕೊಡಗಿಂದ ವಾಪಸ್ ಬನ್ನಿ ಎಲ್ಲರೂ. ವಿಷಯ ತಮಾಷೆ.

ಗುಂಡಣ್ಣ ಕೆ.ಆರ್.ಪೇಟೆ
ನಂದೊಂದು ಮಾತು. ತಮಾಸೆ ಅಂದ್ರೆ ಬರೀ ಜೋಕು ಅಂತ ನೀವೆಲ್ಲ ಒಪ್ಕೊಂಡ್‌ಬುಟ್ರಲ್ಲ, ಹೆಂಗೆ? ನಮ್ಮೂರ್ ಕೆರೆ ಏರಿ ಮ್ಯಾಲೆ ಹೋದ್ ವರ್ಸ ಟ್ರಾಕ್ಟ್ರು ಮಗುಚ್ಕೊಂತು. ಒಬ್ನು ಕೆಳಗ್ ಸಿಕ್ಕಾಕೊಂಡು ಒದ್ದಾಡ್ತಾವ್ನೆ, ಸುತ್ತ ಐವತ್ ಜನ ನಿಂತವ್ರೆ. ನಮ್ಮಪ್ಪ ಬಂದವ್ರೇ ಕಿರುಚಿದ್ರು, "ನಿಂತ್ಕೊಂಡು ತಮಾಸೆ ನೋಡ್ತೀರೇನ್ರೋ, ಕೈ ಹಾಕ್ರೋ!" ಅಲ್ಲಿ ಯಾರೂ ಜೋಕ್ ಹೇಳ್ತಿರ್ನಿಲ್ಲ. ಇದು ಲಖನೌ ಸಾಹೇಬ್ರ ತಮಾಸೇನೇ ಅಲ್ವಾ?

(ಅವ್ನು ಬದುಕವ್ನೆ. ಈಗ ಅದೇ ಟ್ರಾಕ್ಟ್ರು ಓಡಿಸ್ತಾವ್ನೆ.)

ಮಲ್ಲಿಗೆಮೊಗ್ಗು
ಅಯ್ಯೋ ಹೌದಲ್ವಾ! ‘ತಮಾಷೆ ನೋಡ್ತಾ ನಿಂತಿದ್ದಾರೆ’ ಅಂತ ನಾನೂ ದಿನಾ ಹೇಳ್ತೀನಿ. ಮಾಡಿದ್ರೆ ಜೋಕು, ನೋಡಿದ್ರೆ ನೋಟ. ಇಷ್ಟು ವರ್ಷ ಎರಡನ್ನೂ ಬಾಯಲ್ಲಿ ಇಟ್ಕೊಂಡು ಗೊತ್ತೇ ಇರಲಿಲ್ಲ.

ದುಬೈ ವಾಸಿ
ಅದೇ ಹಳೇ ಪಾರಸಿ ಅರ್ಥ. ನನ್ನ ರೂಮಲ್ಲಿ ಇರಾನಿನ ಹುಡುಗ ಒಬ್ಬ ಇದ್ದ. ಟಿವಿ ನೋಡೋದಕ್ಕೂ ಅವನ ಭಾಷೇಲಿ "ತಮಾಶಾ" ಮಾಡೋದು ಅಂತಲೇ ಹೇಳೋದು. ಫುಟ್ಬಾಲ್ ನೋಡೋಕೆ ಬಂದ ಪ್ರೇಕ್ಷಕ ತಮಾಶಾಚಿ. ಒಂದು ರಾತ್ರಿ ಟಿವಿಯಲ್ಲಿ ಭೂಕಂಪದ ಸುದ್ದಿ ಬರ್ತಿತ್ತು. ಅದನ್ನ ತೋರಿಸಿ ನನಗೆ "ತಮಾಶಾ ಕೊನ್" ಅಂದ. ನನಗೆ ಮೈಯೆಲ್ಲ ಉರೀತು, ಜನ ಸತ್ತಿರೋದು ಇವನಿಗೆ ತಮಾಷೆನಾ ಅಂತ. "ನೋಡು" ಅಂದಿದ್ದನಷ್ಟೆ ಪಾಪ. ಎರಡು ದಿನ ಮಾತು ಬಿಟ್ಟಿದ್ದೆ.

ನೈರೋಬಿ ನಂಜುಂಡ
ಸ್ವಾಹಿಲಿಯಲ್ಲೂ ಇದೆ. ತಮಾಶಾ ಅಂದ್ರೆ ಅಲ್ಲಿ ಉತ್ಸವ, ಸಂಗೀತದ ಜಾತ್ರೆ ಥರ. ಊರ ತುಂಬ ಬ್ಯಾನರ್ ಕಟ್ಟಿರ್ತಾರೆ. ಬಂದ ಹೊಸದರಲ್ಲಿ ‘ಇಷ್ಟೊಂದು ಹಾಸ್ಯ ಕಾರ್ಯಕ್ರಮ ನಡೆಯುತ್ತಾ ಈ ಊರಲ್ಲಿ’ ಅಂದ್ಕೊಂಡಿದ್ದೆ. ಇಂಡೋನೇಷ್ಯಾದಲ್ಲಿ ತಮಾಸ್ಯ ಅಂದ್ರೆ ಪಿಕ್ನಿಕ್ ಅಂತೆ, ಜಕಾರ್ತಾದಲ್ಲಿದ್ದ ತಮ್ಮ ಹೇಳಿದ್ದ.

ಹಳೇ ಮೇಷ್ಟ್ರು
ಹಾಗಾದ್ರೆ ಮೂಲಕ್ಕೆ ಹತ್ತಿರ ಉಳಿದವರು ಇಂಡೋನೇಷ್ಯಾದವರೇ. ಅವರು ಇನ್ನೂ ಅಡ್ಡಾಡ್ತಿದ್ದಾರೆ. ಹಿಂದಿಯವರು ನಿಂತು ನೋಡ್ತಿದ್ದಾರೆ. ನಾವು ನಗ್ತಿದ್ದೀವಿ.

ಸಿರ್ಸಿ ಅಪ್ಪೆಮಿಡಿ
ಇದನ್ನು ಓದುವಾಗ ಒಂದು ಹೊಳೀತು. ಧಾರವಾಡದವರ ಚಾಷ್ಟಿ ಅಂದ್ರೆ ಚೇಷ್ಟೆ. ಸಂಸ್ಕೃತದಲ್ಲಿ ಚೇಷ್ಟಾ ಅಂದ್ರೆ ಅಲ್ಲಾಡೋದು, ಚಲನೆ. ಮೋಜು ಬಂದಿದ್ದು ಮೌಜ್ ಅನ್ನೋದರಿಂದ, ಅಂದ್ರೆ ನೀರಿನ ತೆರೆ. ತಮಾಷೆ ನಡೆಯೋದರಿಂದ. ಚೆಲ್ಲಾಟದಲ್ಲಿ ಆಟವೇ ಇದೆ. ಯಾವ ಭಾಷೆಯವರೂ ಸುಮ್ಮನೆ ಕೂತು ನಕ್ಕ ಹಾಗೆ ಕಾಣೋದಿಲ್ಲ.

ಚಿತ್ರಾನ್ನ
ನಾನು ಸೋಫಾ ಮೇಲೆ ಮಲಗಿಕೊಂಡೇ ನಗ್ತಿದ್ದೀನಿ.

ಕ್ಲಿನಿಕ್ ಕಥೆಗಳು
ಇಂಗ್ಲಿಷಿನ ‘ಹ್ಯೂಮರ್’ ಕಥೆ ಇನ್ನೂ ಮಜಾ. ಲ್ಯಾಟಿನ್ನಿನಲ್ಲಿ ಅದು ಬರೀ ತೇವ. ಹಳೇ ಯುರೋಪಿನ ವೈದ್ಯರು ಮೈಯಲ್ಲಿ ನಾಲ್ಕು ರಸ ಇವೆ ಅಂತಿದ್ರು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಅವುಗಳ ಹೆಸರೇ ಹ್ಯೂಮರ್. ಯಾವ ರಸ ಹೆಚ್ಚೋ ಮನುಷ್ಯನ ಸ್ವಭಾವ ಹಾಗೆ. ಸ್ವಭಾವ ವಿಚಿತ್ರವಾದ್ರೆ ಜನ ನಗ್ತಾರೆ. ಹಾಗೆ ತಿರುಗಿ ತಿರುಗಿ ಹಾಸ್ಯಕ್ಕೆ ಬಂತು. ನಾವೂ ‘ಪಿತ್ತ ನೆತ್ತಿಗೇರಿದೆ’ ಅಂತೀವಲ್ಲ. ಕನ್ನಡದಲ್ಲಿ ಕೊರವಂಜಿ ಅನ್ನೋ ಹಾಸ್ಯಪತ್ರಿಕೆಯನ್ನ 1942ರಿಂದ 25 ವರ್ಷ ನಡೆಸಿದ ರಾಶಿಯವರು ಸ್ವತಃ ಡಾಕ್ಟರು. ಇದು ಬರೀ ಕಾಕತಾಳೀಯ ಅಂತ ನಾನು ಒಪ್ಪಲ್ಲ.

ಗುಂಡಣ್ಣ ಕೆ.ಆರ್.ಪೇಟೆ
ನಮ್ ಡಾಕ್ಟ್ರೂ ಜೋಕ್ ಮಾಡ್ತಾರೆ. ಬಿಲ್ ಕೊಡೋವಾಗ.

ಅಂಕೋಲೆ ಶೆಟ್ಲಿ
ತಮಾಷೆಯನ್ನು ಬಿಡಿ, ಹಗರಣ ಅನ್ನುವ ಪದಕ್ಕೆ ಆದ ಅನ್ಯಾಯ ನೋಡಿ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಸುಗ್ಗಿಯ ಹೊತ್ತಿಗೆ ಹಗರಣ ಅಂತ ವೇಷ ಕಟ್ಟಿ ಮೆರವಣಿಗೆ ಹೊರಡ್ತಾರೆ. ಊರ ಸುದ್ದಿ, ಸರ್ಕಾರದ ಸುದ್ದಿ, ಎಲ್ಲದರ ಅಣಕ. ಪುರಂದರದಾಸರ ‘ನಗೆಯು ಬರುತಿದೆ’ ಪದದಲ್ಲೂ ದಾಸರಿಗೆ ನಗು ಬರೋದು ಜನ ಹಗರಣ ಮಾಡೋದನ್ನು ಕಂಡೇ. ಈಗ ಹಗರಣ ಅಂದ್ರೆ ದುಡ್ಡು ನುಂಗೋದು ಮಾತ್ರ. ಪೇಪರಿನಲ್ಲಿ ‘ಕೋಟಿ ಕೋಟಿ ಹಗರಣ’ ಅಂತ ನಾನು ಓದಿ ಹೇಳಿದಾಗ ನಮ್ಮ ಅಜ್ಜಿ ಕೇಳಿದ್ರು, "ಅಷ್ಟು ದುಡ್ಡು ಹಾಕಿ ಎಂಥಾ ವೇಷ ಕಟ್ಟಿದ್ರೋ?"

ಸಿರ್ಸಿ ಅಪ್ಪೆಮಿಡಿ
ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ? ವೇಷ ಕಟ್ಟದೆ ಅಷ್ಟು ದುಡ್ಡು ನುಂಗೋಕೆ ಆಗುತ್ತಾ?

ಧಾರವಾಡ ಫೇಡಾ
ಅಜ್ಜಿ ಕಾಲಿಗೆ ಬಿದ್ದೆ ಅಂತ ಹೇಳ್ರಿ.

ಶರಾವತಿ ದಂಡೆ
ಎಲ್ಲರೂ ನಗ್ತಿದ್ದೀರಿ, ನಡುವೆ ನಂದೊಂದು. ಮದುವೆಯಾದ ಹೊಸದು. ಮನೆ ತುಂಬ ನೆಂಟರು. ಬಡಿಸ್ತಾ ಇದ್ದೆ. ಕರೆಂಟ್ ಹೋಯ್ತು. ಮೈದುನ ಗಟ್ಟಿಯಾಗಿ, "ಅತ್ತಿಗೆ, ಸ್ವಲ್ಪ ನಗ್ತಾ ಇರಿ, ಎಲ್ಲಿದ್ದೀರಂತ ಗೊತ್ತಾಗಲಿ" ಅಂದ. ನನ್ನ ಬಣ್ಣದ ಮೇಲೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದೆ. ಆಮೇಲೆ ಅತ್ತೆ ಬಂದು ಹೇಳಿದ ಮಾತು, "ತಮಾಷೆಗೆ ಅಂದಿದ್ದಕ್ಕೆ ಇಷ್ಟು ಸಿಟ್ಟಾ?"

ಹನ್ನೊಂದು ವರ್ಷವಾಯ್ತು. ಮೈದುನನಿಗೆ ನೆನಪಿಲ್ಲ. ಇವತ್ತು ಈ ಲಖನೌ ಕಥೆ ಓದುವಾಗ ಅನ್ನಿಸಿತು, ಅವತ್ತು ಅವನು ಕನ್ನಡದ ತಮಾಷೆ ಮಾಡಿದ್ದ, ನನಗೆ ಆಗಿದ್ದು ಹಿಂದಿಯ ತಮಾಷಾ.

ಮಲ್ಲಿಗೆಮೊಗ್ಗು
ಅಕ್ಕಾ... ನನಗೆ ಈಗ ಆ ಮ್ಯಾನೇಜರ್ ಮುಖ ಕಣ್ಣಮುಂದೆ ಬರ್ತಿದೆ. ಆಲೂ ವಿಷಯ ಅವರಿಗೂ ಹಾಗೇ ಆಗಿರಬಹುದು. ಊಟದ ಟೇಬಲಲ್ಲಿ ಎಂಟು ಜನ ಇದ್ವಿ, ಎಲ್ಲರೂ ಕನ್ನಡದವರೇ, ಎಲ್ಲರೂ ನಕ್ಕಿದ್ದು ನೆನಪಿದೆ.

ವೀರಪ್ಪ ಬಾಗಲಕೋಟಿ
ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಆದ್ರ ಮೈದುನ ಅತ್ತಿಗಿಗೆ, ಬೀಗರು ಬೀಗರಿಗೆ ಚಾಷ್ಟಿ ಮಾಡೂದು ಹಿಂದಿನಿಂದ ಬಂದ ಪದ್ಧತಿ ಐತಿ. ಮದುವ್ಯಾಗ ಬೀಗರನ್ನ ಹಾಡಿ ಹಾಡಿ ಬೈತಾರ. ಎಲ್ಲಾದಕ್ಕೂ ಸಿಟ್ಟು ಬಂದ್ರ ಮಂದಿ ಬಾಯಿ ಹೊಲಕೊಂಡ ಕುಂಡ್ರಬೇಕಾಗತದ.

ಶರಾವತಿ ದಂಡೆ
ಬೀಗರ ಹಾಡು ನನಗೂ ಗೊತ್ತು. ನಮ್ಮಮ್ಮ ಉರುಟಣೆಗೆ ಹಾಡೋಕೆ ಊರೂರಿಗೆ ಹೋಗ್ತಿದ್ದವಳು. ಅಲ್ಲಿ ಗಂಡಿನ ಕಡೆಯವರು ಒಂದು ಹಾಡಿದ್ರೆ ಹೆಣ್ಣಿನ ಕಡೆಯವರು ಎರಡು ಹಾಡ್ತಾರೆ. ಬೀಗಿತ್ತಿಯ ಮೂಗಿನ ಬಗ್ಗೆ ಹಾಡಿದವಳ ಸೊಂಟದ ಬಗ್ಗೆ ತಿರುಗಿ ಹಾಡು ಬರುತ್ತೆ. ಕತ್ತಲೆಯಲ್ಲಿ ಸಾರಿನ ಪಾತ್ರೆ ಹಿಡಿದು ನಿಂತ ಸೊಸೆ ತಿರುಗಿ ಏನು ಹಾಡಬೇಕಿತ್ತು, ಹೇಳಿ?

ವೀರಪ್ಪ ಬಾಗಲಕೋಟಿ
...ಅದೂ ಖರೆ ಐತಿ ಬಿಡ್ರಿ.

ಗುಂಡಣ್ಣ ಕೆ.ಆರ್.ಪೇಟೆ
ಸಾರು ಅವನ್ ಎಲೆ ಬಿಟ್ಟು ತೊಡೆ ಮ್ಯಾಲೆ ಬಡಿಸ್ಬೇಕಿತ್ತು ಕಣಕ್ಕ. "ಕತ್ಲಲ್ವಾ, ಕಾಣ್ಲಿಲ್ಲ ಮೈದುನ" ಅಂದಿದ್ರೆ ಮುಗೀತಿತ್ತು.

ಶರಾವತಿ ದಂಡೆ
ಹನ್ನೊಂದು ವರ್ಷ ಮೊದಲೇ ನಿಮ್ಮ ಪರಿಚಯ ಆಗಬೇಕಿತ್ತು ಗುಂಡಣ್ಣ!

ಸಿರ್ಸಿ ಅಪ್ಪೆಮಿಡಿ
ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಗಾದೆ ಹೇಳಿದೋರು ಇಲಿ ಕಡೆಯವರೇ ಇರಬೇಕು. ಸರಸ ಹೋಗಿ ವಿರಸ ಆಯ್ತು ಅಂತಲೂ ಇದೆಯಲ್ಲ.

ಹಳೇ ಮೇಷ್ಟ್ರು
ಈ ವ್ಯತ್ಯಾಸಕ್ಕೆ ಭರತನ ನಾಟ್ಯಶಾಸ್ತ್ರದಲ್ಲೇ ಜಾಗ ಇದೆ. ಹಾಸ್ಯದಲ್ಲಿ ಎರಡು ಬಗೆ, ತಾನೇ ನಗೋದು ಒಂದು, ಇನ್ನೊಬ್ಬರನ್ನ ನಗಿಸೋದು ಒಂದು. ನಗುವಿನಲ್ಲಿ ಆರು ಮೆಟ್ಟಿಲು: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲ ಎರಡು ದೊಡ್ಡ ಮನುಷ್ಯರಿಗೆ, ತುಟಿ ಅಲ್ಲಾಡಿದ್ರೂ ಹಲ್ಲು ಕಂಡೂ ಕಾಣದ ಹಾಗೆ. ಕೊನೆಯ ಎರಡು ನಮ್ಮಂಥವರಿಗೆ, ಕಣ್ಣಲ್ಲಿ ನೀರು, ಪಕ್ಕೆ ಹಿಡ್ಕೊಳ್ಳೋದು, ಗಂಟಲು ಕಿತ್ಕೊಳ್ಳೋದು.

ಚಿತ್ರಾನ್ನ
ಇದು ಎಷ್ಟು ಅಂಕದ ಪ್ರಶ್ನೆ ಸಾರ್?

ಹಳೇ ಮೇಷ್ಟ್ರು
ಆರು. ನಿನಗೆ ಸೊನ್ನೆ.

ನುಡಿಬೆಸುಗೆ
ಒಂದು ಸಂಗತಿ ಯಾರೂ ಹೇಳಲಿಲ್ಲ. ‘ತಮಾಷೆ ಅಲ್ಲ’ ಅಂದ್ರೆ ಸುಲಭ ಅಲ್ಲ ಅಂತಲೂ ಅರ್ಥ. "ಇನ್ನೂರು ಜನಕ್ಕೆ ಒಬ್ಬಟ್ಟು ಮಾಡೋದು ಅಂದ್ರೆ ತಮಾಷೆನಾ?" ಅಲ್ಲಿ ಜೋಕೂ ಇಲ್ಲ, ನೋಟವೂ ಇಲ್ಲ. ‘ಇದೊಳ್ಳೆ ತಮಾಷೆ ಆಯ್ತಲ್ಲ’ ಅಂದ್ರೆ ಸಿಟ್ಟು ಬಂದಿದೆ ಅಂತ. ‘ತಮಾಷೆ ನೋಡಿ, ನಾನು ಅವರ ಬಗ್ಗೆ ಮಾತಾಡ್ತಿದ್ದೆ, ಅವರೇ ಬಂದ್ರು’ ಅಂದ್ರೆ ಬೆರಗು. ಹಾಸ್ಯ ಅನ್ನೋ ಪದವನ್ನ ಈ ಯಾವ ಜಾಗದಲ್ಲೂ ಹಾಕೋಕಾಗಲ್ಲ. ಹಾಸ್ಯ ಲೇಖನ ಬರೀತೀವಿ, ಹಾಸ್ಯೋತ್ಸವಕ್ಕೆ ಹೋಗ್ತೀವಿ. ಮನೇಲಿ ಯಾರೂ ಹಾಸ್ಯ ಮಾಡಲ್ಲ. ಮಾಡಿದ್ರೂ "ನನ್ನನ್ನೇನು ಹಾಸ್ಯ ಮಾಡ್ತೀಯಾ?" ಅಂದ್ರೆ ಗೇಲಿ ಅಂತಲೇ.

ಚಿತ್ರಾನ್ನ
ಒಂದು ನಿಮಿಷ. ಎರವಲು ಪದದ ಪರವಾಗಿ ಇಷ್ಟು ಉದ್ದ ಬರೆದದ್ದು ನೀವೇನಾ? ನಗೆಯಾಟ ಎಲ್ಲಿ ಹೋಯ್ತು?

ನುಡಿಬೆಸುಗೆ
‘ಇನ್ನೂರು ಜನಕ್ಕೆ ಒಬ್ಬಟ್ಟು ಮಾಡೋದು ನಗೆಯಾಟಾನಾ?’ ಅಂತ ಹೆಂಡತಿ ಹತ್ರ ಹೇಳಿ ನೋಡಿದೆ. ಆಮೇಲೆ ಮನಸ್ಸು ಬದಲಾಯಿಸಿದೆ.

ಕುಂದಾಪ್ರದ ಹುಡ್ಗ
ಕುಶಾಲ್ ಅಂದ್ರೆ ಸಾಕಿತ್ತಲೆ.

ಪದಪರೀಕ್ಷಕ
ತಮಾಷೆಯಲ್ಲಿ ಷ ಬರೆಯೋದು ತಪ್ಪು. ಪಾರಸಿಯಲ್ಲಿರೋದು ತಾಲವ್ಯ ಶ. ತಮಾಶೆ ಅಂತಲೇ ಬರೀಬೇಕು.

ಗುಂಡಣ್ಣ ಕೆ.ಆರ್.ಪೇಟೆ
ನಮ್ ಕಡೆ ಸ ಹಾಕ್ಬುಟ್ಟು ಜಗಳಾನೇ ಇಲ್ದಂಗ್ ಮಾಡ್ಕೊಂಡಿದೀವಿ. ತಮಾಸೆ.

ಹಳೇ ಮೇಷ್ಟ್ರು
ಮೂಲ ನೋಡಿದ್ರೆ ಪರೀಕ್ಷಕರು ಹೇಳಿದ್ದು ಸರಿ. ರೂಢಿ ನೋಡಿದ್ರೆ ಷ ಗೆದ್ದು ಬಹಳ ಕಾಲವಾಯ್ತು. ಬಾಯಲ್ಲಿ ಎರಡಕ್ಕೂ ವ್ಯತ್ಯಾಸ ಉಳಿಸಿಕೊಂಡವರು ಎಷ್ಟು ಜನ ಇದ್ದಾರೆ ಹೇಳಿ.

ಪದಪರೀಕ್ಷಕ
ನಾನಿದ್ದೀನಿ.

ಕಾಸರಗೋಡಿನವ
ಮಷ್ಕಿರಿಯೂ ಅರಬ್ಬಿಯೇ ಅಂತ ಹೇಳಲು ಮರೆತಿದ್ದೆ. ಅಲ್ಲಿನ ಮಸ್ಖರಾ ಅಂದ್ರೆ ವಿದೂಷಕ. ಮರಾಠಿಯ ಮಸ್ಕರಿ ದಾರಿಯಲ್ಲಿ ಬೆಳಗಾವಿಗೆ ಇಳಿದದ್ದು. ಮುಖಕ್ಕೆ ಹಾಕುವ ಮಾಸ್ಕ್ ಕೂಡ ಅದರಿಂದಲೇ ಬಂತೆಂದು ಕೆಲವರು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ.

ಧಾರವಾಡ ಫೇಡಾ
ಕೊರೋನಾದಾಗ ಎರಡು ವರ್ಷ ಮಾರಿಗೆ ಮಷ್ಕಿರಿ ಕಟಗೊಂಡ ಅಡ್ಡಾಡಿದೆವು ಅಂತಾತು.

ನಿರ್ವಾಹಕ
ಮಲ್ಲಿಗೆಮೊಗ್ಗು ಅವರೇ, ಮ್ಯಾನೇಜರ್ ಕಥೆ ಏನಾಯ್ತು? ಅದನ್ನ ಕೇಳದೆ ಈ ದಾರ ಮುಚ್ಚೋಕೆ ಮನಸ್ಸಿಲ್ಲ.

ಮಲ್ಲಿಗೆಮೊಗ್ಗು
ಹೇಳ್ತೀನಿ. ಶರಾವತಿ ಅಕ್ಕ ಬರೆದದ್ದನ್ನ ಓದಿದ ಮಾರನೇ ದಿನ ಬೆಳಿಗ್ಗೆಯೇ ಅವರ ಕ್ಯಾಬಿನ್ನಿಗೆ ಹೋದೆ. ಮೊದಲು ಆಲೂ ವಿಷಯಕ್ಕೆ ಕ್ಷಮೆ ಕೇಳಿದೆ. ಆಮೇಲೆ ಪದದ ವಿಷಯ ಹೇಳಿದೆ, ನಮ್ಮಲ್ಲಿ ಅದು ಮಜಾಕ್ ಅಂತ. ಅವರು ಒಂದು ಕ್ಷಣ ನೋಡಿ ಜೋರಾಗಿ ನಕ್ಕರು. ಮೇಷ್ಟ್ರ ಲೆಕ್ಕದಲ್ಲಿ ನಾಲ್ಕನೇ ಮೆಟ್ಟಿಲು ಇರಬಹುದು. ಮನೆಯವರು ಇನ್ನೂ ಊರಲ್ಲೇ ಇದ್ದಾರಂತೆ, ಇವರಿಗೆ ಮಾಡೋಕೆ ಬರೋದು ಆಲೂ ಒಂದೇ ಅಂತೆ. ಇದು ಗೊತ್ತಿದ್ದಿದ್ರೆ ನಾನು ಕೇಳ್ತಾನೇ ಇರಲಿಲ್ಲ. ಮಾರನೇ ದಿನ ಹುಳಿಯನ್ನ ತಗೊಂಡು ಹೋಗಿ ಕೊಟ್ಟೆ.

ಈಗ ಅವರಿಗೆ ಆ ಪದದ ಹುಚ್ಚು ಹಿಡಿದಿದೆ. ಕನ್ನಡದಲ್ಲಿ ಗೊತ್ತಿರೋ ಒಂದೇ ವಾಕ್ಯ "ತಮಾಷೆ ಮಾಡಬೇಡಿ". ಮೀಟಿಂಗಲ್ಲಿ, ಲಿಫ್ಟಲ್ಲಿ, ಎಲ್ಲ ಕಡೆ ಅದೇ. ನಿನ್ನೆ ರಾತ್ರಿ ಆಟೋದವರು ಒಂದೂವರೆ ಕೇಳಿದ್ರಂತೆ. ಇವರು ಗತ್ತಿನಲ್ಲಿ "ತಮಾಷೆ ಮಾಡಬೇಡಿ" ಅಂದಿದ್ದಾರೆ. ಅವರು "ತಮಾಷೆ ಅಲ್ಲ ಸಾರ್, ಒಂದೂವರೆ" ಅಂದ್ರಂತೆ.

ಗುಂಡಣ್ಣ ಕೆ.ಆರ್.ಪೇಟೆ
ಕೊಟ್ರಾ?

ಮಲ್ಲಿಗೆಮೊಗ್ಗು
ಕೊಟ್ಟರು.

ಚಿತ್ರಾನ್ನ
ಈಗ ಪೂರ್ತಿ ಬೆಂಗಳೂರಿನವರಾದರು ಬಿಡಿ.